ಪಿವಿಸಿ ಪೈಪಿನೊಳಗೆ ಸೀಸ ಬಂದಿದ್ದು ಯಾಕೆ, ಹೋಗೋಕೆ ಇಷ್ಟು ತಡವಾಗಿದ್ದು ಯಾಕೆ

ನೀರಿನ ಪೈಪಿನಲ್ಲಿ ಸೀಸ ಇರಬಹುದು ಅಂದರೆ ಬಹಳ ಜನ ನಂಬುವುದಿಲ್ಲ. ಅದು ಪ್ಲಾಸ್ಟಿಕ್ ಅಲ್ವಾ, ಸೀಸ ಎಲ್ಲಿಂದ ಬಂತು ಎನ್ನುತ್ತಾರೆ. ಕಾರಣ ಇರುವುದು ಆ ಪ್ಲಾಸ್ಟಿಕ್, ಅಂದರೆ ಪಿವಿಸಿ (ಪಾಲಿವಿನೈಲ್ ಕ್ಲೋರೈಡ್), ಹುಟ್ಟುವ ರೀತಿಯಲ್ಲೇ.

1835ರಲ್ಲಿ ಫ್ರಾನ್ಸಿನ ರೆನ್ಯೋ ವಿನೈಲ್ ಕ್ಲೋರೈಡ್ ಅನಿಲ ತಯಾರಿಸಿದ. 1872ರಲ್ಲಿ ಜರ್ಮನಿಯ ಬೌಮನ್, ಬಿಸಿಲಿಗೆ ಬಿದ್ದ ಅದೇ ಅನಿಲ ಬಿಳಿ ಪುಡಿಯಾಗಿದ್ದನ್ನು ಕಂಡ. ಆ ಪುಡಿಯೇ ಪಿವಿಸಿ. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಆ ಪುಡಿಯನ್ನು ಬಗ್ಗುವ ಮಾಲಾಗಿ ಮಾಡಿದ.

ಈಗ ಕಾರ್ಖಾನೆಗಳಲ್ಲಿ ಒತ್ತಡ ಹಾಕಿ ದ್ರವ ಮಾಡಿದ ವಿನೈಲ್ ಕ್ಲೋರೈಡನ್ನು ನೀರಿನಲ್ಲಿ ಹನಿಹನಿಯಾಗಿ ಕದಡಿ, ಕ್ರಿಯೆ ಶುರು ಮಾಡಲು ಚೂರು ಪೆರಾಕ್ಸೈಡ್ ಸೇರಿಸಿ, 50–70 ಡಿಗ್ರಿಯಲ್ಲಿ ಇಡುತ್ತಾರೆ. ಪೆರಾಕ್ಸೈಡ್ ಒಡೆದು, ಸಿಕ್ಕಿದ್ದಕ್ಕೆ ಅಂಟಿಕೊಳ್ಳಲು ತವಕಿಸುವ ಚುರುಕು ತುಣುಕು, ಅಂದರೆ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಒಂದು ಅಣುವಿಗೆ ಅಂಟಿಕೊಳ್ಳುತ್ತದೆ, ಆ ಅಣು ಮುಂದಿನದನ್ನು ಹಿಡಿಯುತ್ತದೆ, ನೋಡ್ತಾ ನೋಡ್ತಾ ಸಾವಿರದಷ್ಟು ಕೊಂಡಿಗಳ ಸರಪಳಿ. ಆದರೆ ಅಲ್ಲೊಂದು ಇಲ್ಲೊಂದು ಕೊಂಡಿ ತಪ್ಪಾಗಿ ಕೂರುತ್ತದೆ. ಅಲ್ಲಿನ ಕ್ಲೋರಿನ್ ಸಡಿಲ.

ತೊಂದರೆ ಶುರುವಾಗುವುದೇ ಇಲ್ಲಿ. ಪೈಪ್ ಎಳೆಯಲು ಈ ಪುಡಿಯನ್ನು ಸುಮಾರು 180 ಡಿಗ್ರಿಗೆ ಕಾಯಿಸಬೇಕು. ಆಗ ಸಡಿಲ ಕ್ಲೋರಿನ್ ಪಕ್ಕದ ಹೈಡ್ರೋಜನ್ ಜೊತೆ ಸೇರಿ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬೀಳುತ್ತದೆ, ಆ ಜಾಗದಲ್ಲಿ ಎರಡು ಕಾರ್ಬನ್‌ಗಳ ನಡುವೆ ಒಂದು ಜೋಡಿಬಂಧ ಉಳಿಯುತ್ತದೆ, ಅದರ ಪಕ್ಕದ ಕ್ಲೋರಿನ್ ಇನ್ನೂ ಸಡಿಲವಾಗುತ್ತದೆ, ಹೀಗೆ ಜಿಪ್ ಬಿಚ್ಚಿದ ಹಾಗೆ ಸರಪಳಿಯುದ್ದಕ್ಕೂ ಓಡುತ್ತದೆ. ಸಾಲಾಗಿ ಆರೇಳು ಜೋಡಿಬಂಧ ಬಂದರೆ ಮಾಲು ಹಳದಿ. ಆಮೇಲೆ ಕಂದು, ಕೊನೆಗೆ ಕಪ್ಪು. ಹೊರಬಿದ್ದ ಹೈಡ್ರೋಜನ್ ಕ್ಲೋರೈಡ್ ಒಂದು ಆಮ್ಲ, ಅದನ್ನು ಹಿಡಿಯದಿದ್ದರೆ ಅದೇ ಈ ಕೆಡುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತದೆ.

ಆಮ್ಲ ಹಿಡಿಯೋಕೆ ಸಿಕ್ಕಿದ್ದು ಸೀಸದ ಲವಣ. ಅಗ್ಗ, ಕೆಲಸದಲ್ಲಿ ಗಟ್ಟಿ. ಅದು ಆಮ್ಲದ ಜೊತೆ ಸೇರಿ ಲೆಡ್ ಕ್ಲೋರೈಡ್ ಆಗುತ್ತದೆ, ಸುಮ್ನೆ ಕೂರುತ್ತದೆ. ಬದಲಿಗೆ ಸತುವನ್ನು ಒಂದನ್ನೇ ಹಾಕಿದರೆ ಹುಟ್ಟುವ ಜಿಂಕ್ ಕ್ಲೋರೈಡ್ ಪಿವಿಸಿಯನ್ನೇ ಸುಡುತ್ತದೆ. ಅದಕ್ಕೇ ಸತುವಿನ ಜೊತೆ ಕ್ಯಾಲ್ಸಿಯಂ ಬೇಕು, ಅದು ಕ್ಲೋರಿನನ್ನು ತಾನು ತಗೊಂಡು ಸತುವನ್ನು ಬಿಡಿಸುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಮೆಷಿನ್ ಮೇಲೆ ನಿಗಾ ಜಾಸ್ತಿ. ಅಷ್ಟೇ ವ್ಯತ್ಯಾಸ. ದಾರಿ ಗೊತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ.

ಪೈಪಿನ ಒಳಮೈಯಲ್ಲಿರುವ ಸೀಸ ನೀರಿಗೆ ಇಳಿಯುತ್ತದೆ, ಹೊಸ ಪೈಪಿನಲ್ಲಿ ಜಾಸ್ತಿ, ಬರಬರುತ್ತಾ ಕಡಿಮೆ. ಸೀಸ ಮಕ್ಕಳ ಮಿದುಳಿಗೆ ಹಾನಿ, ಇಷ್ಟರೊಳಗೆ ಇದ್ದರೆ ತೊಂದರೆಯಿಲ್ಲ ಅನ್ನುವ ಪ್ರಮಾಣವೇ ಇಲ್ಲ. ನಮ್ಮಲ್ಲಿ ಪೆಟ್ರೋಲಿನ ಸೀಸ 2000ದಲ್ಲೇ ಹೋಯಿತು. ಯುರೋಪಿನ ಪಿವಿಸಿ ಉದ್ಯಮ 2015ರ ಹೊತ್ತಿಗೆ ತಾನಾಗಿಯೇ ಸೀಸ ಬಿಟ್ಟಿತು. ನಮ್ಮ ಪೈಪಿನ ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಗಬೇಕಾಯಿತು, ಪೈಪಿನಿಂದ ಸೀಸ ತೆಗೆಸುವ ಕೇಂದ್ರದ ನಿಯಮ ಬಂದಿದ್ದು 2021ರಲ್ಲಿ.

ಈಗ ಉಳಿದಿರುವ ತೊಡಕು ಗುಜರಿಯದ್ದು. ಸೀಸವಿರುವ ಹಳೇ ಪೈಪನ್ನು ಪುಡಿ ಮಾಡಿ ಮತ್ತೆ ಕಾಯಿಸಿದರೆ ಸೀಸ ಎಲ್ಲೂ ಹೋಗುವುದಿಲ್ಲ, ಹೊಸ ಮಾಲಿಗೇ ಬರುತ್ತದೆ. ಯುರೋಪ್ ಕೂಡ ಮರುಬಳಕೆಯ ಕೆಲವು ಸಾಮಾನಿಗೆ ವಿನಾಯಿತಿ ಕೊಟ್ಟಿದೆ. ಕುಡಿಯುವ ನೀರಿನ ಪೈಪಿಗೆ ಮಾತ್ರ ಆ ಪುಡಿ ಸೇರಲೇಬಾರದು.