ಎಲ್‌ಎಸ್ ಕೊಟ್ಟರೆ ಪ್ರತಿ ಫೋಲ್ಡರ್‌ಗೂ 4096 ಎಂದೇ ಏಕೆ ಬರುತ್ತದೆ?

ಓದುಗರ ಪ್ರಶ್ನೆ: ಲಿನಕ್ಸ್ ಟರ್ಮಿನಲ್‌ನಲ್ಲಿ ‘ಎಲ್‌ಎಸ್ -ಎಲ್’ ಕೊಟ್ಟರೆ ಫೈಲ್‌ಗಳ ಸೈಜ್ ಸರಿಯಾಗಿ ಬರುತ್ತದೆ. ಫೋಲ್ಡರ್‌ಗಳಿಗೆ ಮಾತ್ರ ಎಲ್ಲಕ್ಕೂ 4096 ಎಂದೇ ಇರುತ್ತದೆ. ಮದುವೆ ವೀಡಿಯೊಗಳಿರುವ 30 ಜಿಬಿ ಫೋಲ್ಡರ್‌ಗೂ ಅಷ್ಟೇ, ಖಾಲಿ ಫೋಲ್ಡರ್‌ಗೂ ಅಷ್ಟೇ. ಲೆಕ್ಕ ತಪ್ಪಿದೆಯೇ? ನಿಜವಾದ ಸೈಜ್ ನೋಡುವುದು ಹೇಗೆ?

ಉತ್ತರ: ಲೆಕ್ಕ ತಪ್ಪಿಲ್ಲ. ನೀವು ಕೇಳುತ್ತಿರುವುದು ಒಂದು, ಎಲ್‌ಎಸ್ ಹೇಳುತ್ತಿರುವುದು ಇನ್ನೊಂದು. ಫೋಲ್ಡರ್ ಒಳಗಿನ ಒಟ್ಟು ಸೈಜ್ ಬೇಕಿದ್ದರೆ ಕೊಡಬೇಕಾದ ಕಮಾಂಡ್ ‘ಡಿಯು -ಎಸ್‌ಎಚ್’, ಅದರ ಮುಂದೆ ಫೋಲ್ಡರ್ ಹೆಸರು. ತುರ್ತಿನಲ್ಲಿರುವವರಿಗೆ ಇಷ್ಟು ಸಾಕು. ಆದರೆ 4096 ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಡಿಸ್ಕ್ ತುಂಬಿದಾಗ ಎಲ್ಲಿ ಹುಡುಕಬೇಕು ಎನ್ನುವುದೂ ತಿಳಿಯುತ್ತದೆ. (ಕಮಾಂಡ್‌ಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಚಿಕ್ಕಕ್ಷರಗಳನ್ನೇ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಬೇರೆಯಾಗಿ ಹೇಳಿದೆ.)

ಡೈರೆಕ್ಟರಿ ಎಂಬ ಪದವನ್ನೇ ಹಿಡಿದು ನೋಡಿ. ಮನೆಗಳಲ್ಲಿ ಫೋನ್ ಪಕ್ಕ ಇರುತ್ತಿದ್ದ ದಪ್ಪ ಟೆಲಿಫೋನ್ ಡೈರೆಕ್ಟರಿಯಲ್ಲಿ ಜನ ಇರುತ್ತಿರಲಿಲ್ಲ, ಹೆಸರು ಮತ್ತು ನಂಬರ್ ಇರುತ್ತಿದ್ದವು. ಡಿಸ್ಕ್‌ನ ಡೈರೆಕ್ಟರಿಯೂ ಹಾಗೆಯೇ. ಅದರಲ್ಲಿರುವುದು ಫೈಲ್‌ನ ಹೆಸರು ಮತ್ತು ಐನೋಡ್ ನಂಬರ್. ಫೈಲ್‌ನ ಸೈಜ್, ಮಾಲೀಕ, ತಾರೀಖು, ಡೇಟಾ ಡಿಸ್ಕ್‌ನಲ್ಲಿ ಎಲ್ಲೆಲ್ಲಿದೆ ಎಂಬ ವಿವರಗಳೆಲ್ಲ ಆ ಐನೋಡ್‌ನಲ್ಲಿರುತ್ತವೆ. ‘ಎಲ್‌ಎಸ್ -ಐ’ ಕೊಟ್ಟರೆ ಪ್ರತಿ ಹೆಸರಿನ ಹಿಂದೆ ಈ ನಂಬರ್ ಕಾಣುತ್ತದೆ. ಹಾಗಾಗಿ ಫೋಲ್ಡರ್‌ನ ಸೈಜ್ ಎಂದು ಎಲ್‌ಎಸ್ ತೋರಿಸುವುದು ಆ ಹೆಸರಿನ ಪಟ್ಟಿ ಎಷ್ಟು ಜಾಗ ಹಿಡಿದಿದೆ ಎಂಬುದನ್ನು. 30 ಜಿಬಿ ಫೋಲ್ಡರ್‌ನಲ್ಲಿ ಎಂಟು ವೀಡಿಯೊ ಇದ್ದರೆ ಪಟ್ಟಿಯಲ್ಲಿರುವುದು ಎಂಟೇ ಹೆಸರು.

ಒಂದೇ ಡಿಸ್ಕ್ ಪಾರ್ಟಿಶನ್ ಒಳಗೆ 30 ಜಿಬಿ ಫೈಲನ್ನು ‘ಎಂವಿ’ಯಿಂದ ಬೇರೆ ಫೋಲ್ಡರ್‌ಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದಕ್ಕೂ ಇದೇ ಕಾರಣ: ಡೇಟಾ ಅಲುಗುವುದಿಲ್ಲ, ಒಂದು ಪಟ್ಟಿಯಿಂದ ಹೆಸರು ಹೊಡೆದು ಇನ್ನೊಂದಕ್ಕೆ ಬರೆದರೆ ಆಯಿತು. ಫೈಲ್ ಅಳಿಸಲು ಆ ಫೈಲ್ ಮೇಲಲ್ಲ, ಅದಿರುವ ಫೋಲ್ಡರ್ ಮೇಲೆ ಬರೆಯುವ ಅನುಮತಿ ಬೇಕು ಎಂಬ ನಿಯಮ ಹೊಸಬರನ್ನು ಬಹಳ ಗೊಂದಲಕ್ಕೆ ದೂಡುತ್ತದೆ. ಅಳಿಸುವುದು ಎಂದರೆ ಪಟ್ಟಿ ತಿದ್ದುವುದು ಎಂದುಕೊಂಡರೆ ಗೊಂದಲ ಉಳಿಯುವುದಿಲ್ಲ.

ಇನ್ನು 4096ರ ಲೆಕ್ಕ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಜಾಗವನ್ನು ಬ್ಲಾಕ್ ಲೆಕ್ಕದಲ್ಲಿ ಕೊಡುತ್ತದೆ; ಒಂದು ಬ್ಲಾಕ್ ಸಾಮಾನ್ಯವಾಗಿ 4096 ಬೈಟ್. ಪಟ್ಟಿಯಲ್ಲಿ ಒಂದೇ ಹೆಸರಿರಲಿ, ನೂರಿರಲಿ, ಕನಿಷ್ಠ ಒಂದು ಬ್ಲಾಕ್ ಬೇಕೇ ಬೇಕು. ಪ್ರತಿ ನಮೂದಿಗೆ 8 ಬೈಟ್ ತಲೆಬರಹ, ಅದರ ಜೊತೆ ಹೆಸರಿನ ಉದ್ದ. ಒಟ್ಟನ್ನು ನಾಲ್ಕರ ಗುಣಕಕ್ಕೆ ಏರಿಸಲಾಗುತ್ತದೆ. ಫೋನ್ ಕ್ಯಾಮೆರಾ ತಾರೀಖು, ಸಮಯ ಸೇರಿಸಿ ಕೊಡುವ 23 ಅಕ್ಷರದ ಹೆಸರಿಗೆ 31, ಅಂದರೆ 32 ಬೈಟ್. ಕನ್ನಡದ ಹೆಸರಿಗೆ ಲೆಕ್ಕ ಬೇರೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಪ್ರತಿ ಒತ್ತಿನ ಹಿಂದಿನ ಹಲಂತ ಚಿಹ್ನೆ ತಲಾ 3 ಬೈಟ್ ತೆಗೆದುಕೊಳ್ಳುತ್ತವೆ. ‘ಕರ್ನಾಟಕ’ ಎಂಬ ಹೆಸರು ಒಡೆದರೆ ಕ, ರ, ಹಲಂತ, ನ, ದೀರ್ಘ, ಟ, ಕ: ಏಳು ಚಿಹ್ನೆ, 21 ಬೈಟ್. ಪಟ್ಟಿಯಲ್ಲಿ ಅದಕ್ಕೂ 32 ಬೈಟ್. ಒಂದು ಹೆಸರಿಗೆ 255 ಬೈಟ್ ಮಿತಿ ಇರುವುದರಿಂದ ಕನ್ನಡದಲ್ಲಿ 85 ಚಿಹ್ನೆಗಳಷ್ಟೇ ಹಿಡಿಸುತ್ತವೆ. ಉದ್ದದ ಕನ್ನಡ ಶೀರ್ಷಿಕೆಯನ್ನೇ ಫೈಲ್ ಹೆಸರಾಗಿ ಇಡಲು ಹೋದಾಗ ‘ಹೆಸರು ತುಂಬಾ ಉದ್ದ’ ಎಂಬ ಎರರ್ ಬರುವುದು ಇದರಿಂದ.

ಹೀಗೆ 32 ಬೈಟ್‌ನ ನಮೂದುಗಳಾದರೆ ಒಂದು ಬ್ಲಾಕ್‌ಗೆ ಸುಮಾರು 126. ಅದು ತುಂಬಿದ ಮೇಲೆ ಸೈಜ್ 8192 ಆಗಬೇಕಿತ್ತಲ್ಲ ಎನಿಸಬಹುದು, ಆದರೆ ಇಎಕ್ಸ್‌ಟಿ4ನಲ್ಲಿ ಸಾಮಾನ್ಯವಾಗಿ ನೇರ 12288 ಕಾಣುತ್ತದೆ. ಪಟ್ಟಿ ಉದ್ದವಾದಾಗ ಬೇಗ ಹುಡುಕಲೆಂದು ಒಂದು ಬ್ಲಾಕನ್ನು ಸೂಚಿಗೆ ಮೀಸಲಿಟ್ಟು, ಇದ್ದ ಹೆಸರುಗಳನ್ನು ಇನ್ನೆರಡು ಬ್ಲಾಕ್‌ಗೆ ಹಂಚುತ್ತದೆ. ಅಲ್ಲಿಗೆ ಮೂರು ಬ್ಲಾಕ್. ಪರೀಕ್ಷಿಸಲು ಖಾಲಿ ಫೋಲ್ಡರ್ ಮಾಡಿ, ಒಳಗೆ ನೂರಿಪ್ಪತ್ತು ಉದ್ದನೆಯ ಹೆಸರುಗಳನ್ನು ‘ಟಚ್’ ಕಮಾಂಡ್‌ನಿಂದ ಸೃಷ್ಟಿಸಿ ‘ಎಲ್‌ಎಸ್ -ಎಲ್‌ಡಿ’ ಕೊಡಿ. ಇನ್ನಷ್ಟು ಸೇರಿಸಿ ಮತ್ತೆ ನೋಡಿ. ಇಲ್ಲಿ ‘ಡಿ’ ಮುಖ್ಯ. ಅದಿಲ್ಲದಿದ್ದರೆ ಎಲ್‌ಎಸ್ ಫೋಲ್ಡರ್‌ನ ಬದಲು ಅದರ ಒಳಗಿರುವುದನ್ನೆಲ್ಲ ತೋರಿಸುತ್ತದೆ.

ಒಮ್ಮೆ ಬೆಳೆದ ಪಟ್ಟಿ ಫೈಲ್ ಅಳಿಸಿದ ಮಾತ್ರಕ್ಕೆ ಇಎಕ್ಸ್‌ಟಿ4ನಲ್ಲಿ ಕುಗ್ಗುವುದಿಲ್ಲ. ಲಕ್ಷಗಟ್ಟಲೆ ತಾತ್ಕಾಲಿಕ ಫೈಲ್‌ಗಳು ಬಂದು ಹೋದ ಫೋಲ್ಡರ್ ಈಗ ಖಾಲಿ ಇದ್ದರೂ ಹಲವು ಎಂಬಿ ತೋರಿಸಬಹುದು, ಅದರಲ್ಲಿ ಎಲ್‌ಎಸ್ ಕೊಟ್ಟರೆ ತಡವೂ ಆಗಬಹುದು. ಹೊಸ ಫೋಲ್ಡರ್ ಮಾಡಿ, ಉಳಿದ ಫೈಲ್‌ಗಳನ್ನು ಅದಕ್ಕೆ ಸಾಗಿಸಿ, ಹಳೆಯದನ್ನು ತೆಗೆದು ಹೊಸದಕ್ಕೆ ಅದೇ ಹೆಸರಿಡುವುದೇ ಸುಲಭದ ದಾರಿ. ಫೈಲ್‌ಗಳು ಇನ್ನೂ ಲಕ್ಷಗಟ್ಟಲೆ ಇದ್ದು ಎಲ್‌ಎಸ್ ಉಸಿರೇ ಬಿಡದೆ ನಿಂತಿದ್ದರೆ ದೊಡ್ಡಕ್ಷರದ ‘-ಯು’ ಸೇರಿಸಿ: ಅಕಾರಾದಿ ಜೋಡಣೆ ಬಿಟ್ಟು ಸಿಕ್ಕ ಕ್ರಮದಲ್ಲೇ ತೋರಿಸುತ್ತದೆ.

ಬೇರೆ ಫೈಲ್‌ಸಿಸ್ಟಮ್‌ಗಳಲ್ಲಿ 4096 ಹುಡುಕಬೇಡಿ. ಎಕ್ಸ್‌ಎಫ್‌ಎಸ್‌ನಲ್ಲಿ ಖಾಲಿ ಫೋಲ್ಡರ್ 6 ಬೈಟ್, ಮ್ಯಾಕ್‌ನ ಎಪಿಎಫ್‌ಎಸ್‌ನಲ್ಲಿ 64.

ಈಗ ಡಿಯು. ಇದು ಫೋಲ್ಡರ್ ಒಳಗೆ ಇಳಿದು, ಉಪಫೋಲ್ಡರ್‌ಗಳನ್ನೂ ಬಿಡದೆ, ಪ್ರತಿ ಫೈಲ್ ಡಿಸ್ಕ್‌ನಲ್ಲಿ ಹಿಡಿದಿರುವ ಜಾಗವನ್ನು ಕೂಡುತ್ತದೆ. ‘ಎಸ್’ ಅಂದರೆ ಮೊತ್ತ ಮಾತ್ರ, ‘ಎಚ್’ ಅಂದರೆ ಬರಿ ಅಂಕಿಯ ಬದಲು ಕೆಬಿ, ಎಂಬಿ, ಜಿಬಿಗಳ ಕೆ, ಎಂ, ಜಿ ಗುರುತು. ಯಾವ ಫೋಲ್ಡರ್ ದೊಡ್ಡದು ಎಂದು ತಿಳಿಯಲು ‘ಡಿಯು -ಎಚ್ -ಡಿ 1’ ಕೊಟ್ಟು, ಅದನ್ನು ಪೈಪ್ (| ಗುರುತು) ಮೂಲಕ ‘ಸಾರ್ಟ್ -ಎಚ್’ಗೆ ಕಳಿಸಿ. ದೊಡ್ಡದು ಪಟ್ಟಿಯ ಕೆಳಗೆ ಬರುತ್ತದೆ. ಇದರ ಬದಲು ‘ಡಿಯು -ಎಸ್‌ಎಚ್’ ಮುಂದೆ ನಕ್ಷತ್ರ ಹಾಕುವ ಅಭ್ಯಾಸ ಹಲವರಿಗಿದೆ. ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳು ತಪ್ಪಿಹೋಗುತ್ತವೆ, ಏಕೆಂದರೆ ಕಮಾಂಡ್ ಓದಿ ನಡೆಸುವ ಶೆಲ್, ನಕ್ಷತ್ರವನ್ನು ಬಿಡಿಸುವಾಗ ಅವನ್ನು ಸೇರಿಸುವುದಿಲ್ಲ. ಹತ್ತಾರು ಜಿಬಿ ನುಂಗಿದ ಕ್ಯಾಶ್ ಫೋಲ್ಡರ್ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ‘ಅನುಮತಿ ಇಲ್ಲ’ ಎಂಬ ಸಾಲು ಬಂದರೆ ಆ ಫೋಲ್ಡರ್ ಮೊತ್ತಕ್ಕೆ ಸೇರಿಲ್ಲ. ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ‘ಸುಡೊ’ ಹಾಕಿ ಮತ್ತೆ ಕೊಡಿ.

ಎಲ್‌ಎಸ್ ಮತ್ತು ಡಿಯು ಒಂದೇ ಫೈಲ್‌ಗೆ ಬೇರೆ ಬೇರೆ ಅಂಕಿ ಕೊಟ್ಟರೆ ಗಾಬರಿ ಬೇಡ. ಎಲ್‌ಎಸ್ ಹೇಳುವುದು ಫೈಲ್‌ನ ಉದ್ದ, ಡಿಯು ಹೇಳುವುದು ಅದು ಹಿಡಿದ ಜಾಗ. 10 ಬೈಟ್‌ನ ಸಾವಿರ ಫೈಲ್‌ಗಳ ಉದ್ದ ಒಟ್ಟು 10,000 ಬೈಟ್. ಪ್ರತಿಯೊಂದೂ ಒಂದು ಬ್ಲಾಕ್ ಹಿಡಿಯುವುದರಿಂದ ಜಾಗ 40,96,000 ಬೈಟ್. ವರ್ಚುವಲ್ ಮಶೀನ್‌ನ ಡಿಸ್ಕ್ ಇಮೇಜ್‌ನಲ್ಲಿ ಇದು ತಿರುಗುಮುರುಗು: ಎಲ್‌ಎಸ್‌ನಲ್ಲಿ 40 ಜಿಬಿ ಎಂದಿರುವ ಫೈಲ್, ಒಳಗೆ ಬರೆಯದ ಭಾಗಕ್ಕೆ ಬ್ಲಾಕ್‌ಗಳನ್ನೇ ಪಡೆಯದೆ, ಡಿಯುನಲ್ಲಿ ಕೆಲವೇ ಜಿಬಿ ಇರಬಹುದು. ‘ಎಲ್‌ಎಸ್ -ಎಲ್‌ಎಸ್‌ಎಚ್’ ಕೊಟ್ಟರೆ ಎರಡೂ ಅಂಕಿ ಒಂದೇ ಸಾಲಿನಲ್ಲಿ ಸಿಗುತ್ತವೆ; ಎಡತುದಿಯದ್ದು ಹಿಡಿದ ಜಾಗ. ಎಲ್‌ಎಸ್‌ನ ಮೊದಲ ಸಾಲಿನಲ್ಲಿ ಬರುವ ‘ಟೋಟಲ್’ ಕೂಡ ಹಿಡಿದ ಜಾಗದ ಮೊತ್ತವೇ. ಲಿನಕ್ಸ್‌ನಲ್ಲಿ ಅದು 1024 ಬೈಟ್‌ನ ಲೆಕ್ಕದಲ್ಲಿರುತ್ತದೆ, ಉಪಫೋಲ್ಡರ್‌ಗಳ ಒಳಗಿನದು ಅದರಲ್ಲಿ ಇರುವುದಿಲ್ಲ. ಅದನ್ನು ಫೈಲ್‌ಗಳ ಎಣಿಕೆ ಎಂದುಕೊಳ್ಳುವವರೂ ಇದ್ದಾರೆ, ಅದಲ್ಲ.

ಕೊನೆಗೆ, ಇಡೀ ಡಿಸ್ಕ್‌ನ ಲೆಕ್ಕ ಹೇಳುವ ‘ಡಿಎಫ್ -ಎಚ್’ ಡಿಸ್ಕ್ ಪೂರ್ತಿ ತುಂಬಿದೆ ಎನ್ನುತ್ತಿದ್ದು, ಡಿಯು ಕೂಡಿಸಿದರೆ ಅರ್ಧವೂ ಬಾರದಿದ್ದರೆ ಪಟ್ಟಿಯಿಂದ ಹೆಸರು ಹೋಗಿ ಡೇಟಾ ಉಳಿದಿರುವ ಫೈಲ್‌ಗಳಿರಬಹುದು. ಸರ್ವರ್ ಪ್ರೋಗ್ರಾಮ್ ಒಂದು ತೆರೆದಿಟ್ಟುಕೊಂಡಿರುವ ಲಾಗ್ ಫೈಲನ್ನು ‘ಆರ್‌ಎಂ’ ಕಮಾಂಡ್‌ನಿಂದ ಅಳಿಸಿದಾಗ ಹೀಗಾಗುತ್ತದೆ: ಹೆಸರು ಇಲ್ಲ, ಹಾಗಾಗಿ ಎಲ್‌ಎಸ್‌ಗೂ ಡಿಯುಗೂ ಕಾಣುವುದಿಲ್ಲ, ಪ್ರೋಗ್ರಾಮ್ ಬಿಡುವವರೆಗೆ ಬ್ಲಾಕ್‌ಗಳು ಮಾತ್ರ ಖಾಲಿಯಾಗುವುದಿಲ್ಲ. ‘ಎಲ್‌ಎಸ್‌ಒಎಫ್’ ಮುಂದೆ ಕೂಡುವ ಚಿಹ್ನೆ, ದೊಡ್ಡಕ್ಷರದ ಎಲ್, 1 ಈ ಮೂರನ್ನು ಒತ್ತಾಗಿ ಬರೆದು, ‘ಸುಡೊ’ ಜೊತೆ ಕೊಟ್ಟರೆ ಅಂಥ ಫೈಲ್‌ಗಳೂ ಅವನ್ನು ಹಿಡಿದಿರುವ ಪ್ರೋಗ್ರಾಮ್‌ಗಳೂ ಸಿಗುತ್ತವೆ. ಆ ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡಿದ ಕೂಡಲೇ ಜಾಗ ಮರಳಿ ಬರುತ್ತದೆ.