ಗೆಲ್ಲುವುದು ಮೊದಲೇ ಗೊತ್ತಿದ್ದರೆ: ಅನಿಮೆಯ ‘ಓಪಿ’ ನಾಯಕರ ಹಿನ್ನೆಲೆ

ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೋಡುವವರ ನಡುವೆ ‘ಓಪಿ’ (ಓವರ್ ಪವರ್ಡ್, ಅಂದರೆ ವಿಪರೀತ ಬಲಶಾಲಿ) ನಾಯಕನ ಬಗೆಗಿನ ಜಗಳ ಬಗೆಹರಿಯುವಂಥದ್ದಲ್ಲ. ಮೊದಲ ಕಂತಿನಲ್ಲೇ ಎಲ್ಲರನ್ನೂ ಮೀರಿಸಿದವನ ಕಥೆ ಸಪ್ಪೆ ಅನ್ನುತ್ತದೆ ಒಂದು ಬಣ. ದಿನವಿಡೀ ದುಡಿದು ಬಂದವರಿಗೆ ಅದೇ ಬೇಕು ಅನ್ನುತ್ತದೆ ಇನ್ನೊಂದು. ಇಬ್ಬರೂ ಮಾತಾಡುತ್ತಿರುವುದು ಬಲದ ಬಗ್ಗೆ. ಪೆಟ್ಟು ಬಿದ್ದಿರುವುದು ಕಥೆ ಕಟ್ಟುವ ರೀತಿಗೆ.

ಬಲಶಾಲಿ ನಾಯಕ ಹೊಸಬನಲ್ಲ. 1963ರಲ್ಲಿ ಜಪಾನಿನ ಟೀವಿಗೆ ಬಂದ ರೋಬಾಟ್ ಹುಡುಗ ಆಸ್ಟ್ರೋ ಬಾಯ್‌ಗೆ ಒಂದು ಲಕ್ಷ ಅಶ್ವಶಕ್ತಿ ಇತ್ತು. 1989ರಲ್ಲಿ ಶುರುವಾದ ‘ಡ್ರ್ಯಾಗನ್ ಬಾಲ್ ಝಡ್’ ಬಲವನ್ನು ಅಂಕಿಯಲ್ಲೇ ಅಳೆಯಿತು: ಎದುರಾಳಿಗಳಲ್ಲಿ ವೆಜಿಟಾ 18,000, ಫ್ರೀಝಾ ಮೊದಲ ರೂಪದಲ್ಲೇ 5,30,000. ಅಂಕಿ ಹೀಗೆ ಉಬ್ಬಿದ ಮೇಲೆ ಅಳೆಯುವ ಯಂತ್ರವೇ ಮೂಲೆ ಸೇರಿತು. ಕಥೆಯನ್ನು ಕಾಪಾಡಿದ್ದು ಬೇರೆ ಉಪಾಯ. ನಾಯಕ ಗೋಕುವನ್ನು ಕಾಳಗದಿಂದ ದೂರ ಇಡುತ್ತಿದ್ದರು. ಒಮ್ಮೆ ಸತ್ತು ಪರಲೋಕದ ಹಾವಿನ ದಾರಿಯಲ್ಲಿ, ಒಮ್ಮೆ ಚಿಕಿತ್ಸೆಯ ತೊಟ್ಟಿಯಲ್ಲಿ, ಒಮ್ಮೆ ಹೃದಯದ ಕಾಯಿಲೆಯಿಂದ ಹಾಸಿಗೆಯಲ್ಲಿ. ಅವನು ಬರುವಷ್ಟರಲ್ಲಿ ಯಾರು ಉಳಿದಿರುತ್ತಾರೆ ಅನ್ನುವುದೇ ಕುತೂಹಲ.

ಗೊಂದಲ ದಟ್ಟವಾದದ್ದು 2010ರ ದಶಕದಲ್ಲಿ. ಯಾರು ಬೇಕಾದರೂ ಕಾದಂಬರಿ ಹಾಕಬಹುದಾದ ‘ಶೋಸೆತ್ಸುಕಾ ನಿ ನರೋ’ ತಾಣ 2004ರಲ್ಲೇ ಹುಟ್ಟಿತ್ತು. ಅಲ್ಲಿನ ಲೆಕ್ಕ ಸರಳ: ಓದುಗ ಬುಕ್‌ಮಾರ್ಕ್ ಮಾಡಿದರೆ 2 ಅಂಕ, ರೇಟಿಂಗ್ ಕೊಟ್ಟರೆ ಹೆಚ್ಚೆಂದರೆ ಇನ್ನು 10. ಆ ದಿನದ ಅಂಕದ ಮೇಲೆ ಆ ದಿನದ ರ‍್ಯಾಂಕಿಂಗ್. ಮೇಲೇರಿದರೆ ಓದುಗರು, ಓದುಗರಿದ್ದರೆ ಪ್ರಕಾಶಕರು, ಅದೃಷ್ಟವಿದ್ದರೆ ಅನಿಮೆ. ಸಣ್ಣ ಸಣ್ಣ ಅಧ್ಯಾಯ ಹಾಕುತ್ತ ಹೋಗುವ ಲೇಖಕ ತನ್ನ ನಾಯಕನನ್ನು ಹತ್ತು ಅಧ್ಯಾಯ ಸೋಲಿಸಿ ನರಳಿಸುವ ಧೈರ್ಯ ಮಾಡುವುದಾದರೂ ಹೇಗೆ? ಅಷ್ಟರಲ್ಲಿ ಓದುಗ ಪಕ್ಕದ ಕಥೆಗೆ ಹೋಗಿರುತ್ತಾನೆ. ಹಾಗಾಗಿ ಲಾರಿ ಡಿಕ್ಕಿ, ಸಾವು, ದೇವರ ವರ, ಬೇರೆ ಲೋಕದಲ್ಲಿ ಮರುಹುಟ್ಟು, ಎಲ್ಲವೂ ಮೊದಲ ಕೆಲವೇ ಅಧ್ಯಾಯಗಳಲ್ಲಿ ಮುಗಿಯತೊಡಗಿದವು. 2016ರಲ್ಲಿ ತಾಣವೇ ಇಂಥ ಕಥೆಗಳಿಗೆ ರ‍್ಯಾಂಕಿಂಗ್ ಬೇರೆ ಮಾಡಿತು.

ವರ ಬೇಗ ಸಿಕ್ಕಿದ್ದು ದೋಷವಲ್ಲ. ವರಕ್ಕೆ ಬೆಲೆ ಇಲ್ಲದಾಗ ಉಳಿದವರ ಕೆಲಸ ಕೆಡುತ್ತದೆ. ಎದುರಾಳಿ ಯೋಚಿಸುವುದನ್ನು ಬಿಟ್ಟು ಬರೀ ಜಂಬ ಕೊಚ್ಚುತ್ತಾನೆ. ಜೊತೆಗಾರರು ಬಾಯಿ ಬಿಟ್ಟುಕೊಂಡು ಬೆರಗಾಗುವುದಕ್ಕೇ ಇರುತ್ತಾರೆ.

2012ರ ‘ಸೋರ್ಡ್ ಆರ್ಟ್ ಆನ್‌ಲೈನ್’ನ ಎರಡು ಕಂತುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸತ್ತರೆ ನಿಜವಾಗಿಯೂ ಸಾಯುವ ಕಂಪ್ಯೂಟರ್ ಆಟದೊಳಗೆ ಸಿಕ್ಕಿಬಿದ್ದವರ ಕಥೆ ಅದು. ಮೂರನೆಯದರಲ್ಲಿ ನಾಯಕ ಕಿರಿತೊ ತನ್ನ ಲೆವೆಲ್ ಮುಚ್ಚಿಟ್ಟು ಕೆಳಹಂತದ ಗೆಳೆಯರ ಗುಂಪು ಸೇರುತ್ತಾನೆ. ಒಂದು ಕೋಣೆಯಲ್ಲಿ ಪೆಟ್ಟಿಗೆ ತೆರೆದದ್ದೇ ತಡ, ಬಾಗಿಲು ಮುಚ್ಚಿಕೊಳ್ಳುತ್ತದೆ, ತಪ್ಪಿಸಿಕೊಳ್ಳುವ ಸ್ಫಟಿಕ ಕೆಲಸ ಮಾಡುವುದಿಲ್ಲ. ಅವನಿಗೇನೂ ಆಗುವುದಿಲ್ಲ, ಆ ಗುಂಪಿನ ಸಾಚಿ ಅವನ ಕಣ್ಣೆದುರೇ ಸಾಯುತ್ತಾಳೆ. ಬಲ ಇತ್ತು, ನಿಜ ಹೇಳುವ ಧೈರ್ಯ ಇರಲಿಲ್ಲ. ನಾಲ್ಕನೆಯದರಲ್ಲಿ ದರೋಡೆಕೋರರು ಮುತ್ತಿ ಹೊಡೆಯುತ್ತಾರೆ, ಅವನು ಸುಮ್ಮನೆ ನಿಲ್ಲುತ್ತಾನೆ. ಆಮೇಲೆ ಲೆಕ್ಕ ಒಪ್ಪಿಸುತ್ತಾನೆ: ಲೆವೆಲ್ 78, ಜೀವಬಲ 14,500, ಹತ್ತು ಸೆಕೆಂಡಿಗೆ ಅವರು ಕಳೆಯುವುದು 400, ತಾನಾಗಿ ತುಂಬುವುದು 600. ನೋಡಲು ಮಜವೇ. ಆದರೆ ಆ ಕ್ಷಣದಿಂದ ಯಾವ ಕಳ್ಳನಿಗೂ ಅವನನ್ನು ಹೆದರಿಸಲಾಗದು. ಆಮೇಲೆ ಬಂದ ಎಷ್ಟೋ ಸರಣಿಗಳು ಅನುಕರಿಸಿದ್ದು ಈ ಕಂತನ್ನು, ಹಿಂದಿನದನ್ನಲ್ಲ.

2018ರಲ್ಲಿ ಬಂದ, ಸತ್ತವನೊಬ್ಬ ಸ್ಲೈಮ್ (ಲೋಳೆಯಂಥ ಜೀವಿ) ಆಗಿ ಮರುಹುಟ್ಟುವ ಕಥೆಯೂ ಇದೇ ಇಕ್ಕಟ್ಟಿಗೆ ಸಿಕ್ಕಿತು. ಎರಡನೇ ಸೀಸನ್ನಿನಲ್ಲಿ ನಾಯಕ ರಿಮುರುವನ್ನು ಎದುರಾಳಿ ಹಿನಾಟಾ ಅಡ್ಡಗಟ್ಟಿದಾಗ ಅತ್ತ ಅವನ ಊರಿನ ಮೇಲೆ ದಾಳಿಯಾಗಿ ಅವನ ಜೊತೆಗಾತಿ ಶಿಯೋನ್ ಸಾಯುತ್ತಾಳೆ. ಸರಣಿಯ ಅತ್ಯಂತ ಭಾರದ ಹೊತ್ತು ಅದು. ಅವನು 20,000 ಸೈನಿಕರನ್ನು ಕೊಂದು ರಾಕ್ಷಸರಾಜನಾಗುತ್ತಾನೆ. ಸತ್ತ ತನ್ನವರೆಲ್ಲ ಎದ್ದು ಕೂರುತ್ತಾರೆ. ಕಳೆದುಕೊಂಡದ್ದೆಲ್ಲ ವಾಪಸ್ ಬಂದರೆ ಮುಂದಿನ ಸಾವಿಗೆ ಪ್ರೇಕ್ಷಕ ಯಾಕೆ ಮರುಗಬೇಕು?

‘ಒನ್ ಪಂಚ್ ಮ್ಯಾನ್’ (ವೆಬ್ ಕಾಮಿಕ್ 2009, ಅನಿಮೆ 2015) ಬೇರೆ ದಾರಿ ಹಿಡಿಯಿತು. ನಾಯಕ ಸೈತಾಮಾ ಒಂದೇ ಗುದ್ದಿಗೆ ಗೆಲ್ಲುತ್ತಾನೆ, ಆದರೆ ವೀರರ ಸಂಘ ಸೇರುವ ಲಿಖಿತ ಪರೀಕ್ಷೆಯಲ್ಲಿ ಎಡವಿ 71 ಅಂಕದೊಂದಿಗೆ ಕೊನೆಯ ಸಿ ದರ್ಜೆಗೆ ಬೀಳುತ್ತಾನೆ. ಸಮುದ್ರರಾಜ ಎಂಬ ರಾಕ್ಷಸನನ್ನು ಕೊಂದ ಮೇಲೂ, ಬೇರೆಯವರು ಸುಸ್ತು ಮಾಡಿದ್ದಕ್ಕೇ ತಾನು ಗೆದ್ದೆ ಎಂದು ಜನರೆದುರು ಸುಳ್ಳು ಹೇಳಿ ಬೈಗುಳ ತಿನ್ನುತ್ತಾನೆ. ಗೆಲ್ಲುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆ ಹೋಗಿ, ಹೆಸರು ಯಾರಿಗೆ ಅನ್ನುವುದು ಬಂತು. ಇದಕ್ಕೂ ಮಿತಿ ಇದೆ: ಎರಡನೇ ಸೀಸನ್ನಿನಲ್ಲಿ ವೀರರನ್ನೇ ಬೇಟೆಯಾಡುವ ಗಾರೋ ಕಥೆಯ ನಡುವೆ ಬಂದು ನಿಂತರೆ, ನಾಯಕ ಅಂಚಿಗೆ ಸರಿದ.

ಸೈತಾಮಾನ ಬಲದ ಗುಟ್ಟು ದಿನಕ್ಕೆ 100 ಪುಷ್‌ಅಪ್, 100 ಸಿಟ್‌ಅಪ್, 100 ಸ್ಕ್ವಾಟ್, 10 ಕಿಲೋಮೀಟರ್ ಓಟ. ಅಲ್ಲಿ ಅದು ತಮಾಷೆ. ಕೊರಿಯಾ ಮೂಲದ ‘ಸೋಲೋ ಲೆವೆಲಿಂಗ್’ (ಅನಿಮೆ 2024) ಅದೇ ಪಟ್ಟಿಯನ್ನು ಗಂಭೀರವಾಗಿ ನಾಯಕ ಜಿನ್‌ವೂಗೆ ದಿನಚರಿಯಾಗಿ ಕೊಟ್ಟಿದೆ. ಅವನು ದುರ್ಬಲನಾಗಿದ್ದ ಮೊದಲೆರಡು ಕಂತುಗಳಲ್ಲಿ ಎದೆ ಡವಡವ ಅನ್ನುತ್ತದೆ, ಆಮೇಲೆ ಲೆವೆಲ್ ಏರಿದಂತೆಲ್ಲ ಭಯ ಇಳಿಯುತ್ತದೆ. 2025ರ ಎರಡನೇ ಸೀಸನ್ನಿನ ಜೆಜು ದ್ವೀಪದ ರಾಕ್ಷಸರ ಮೇಲಿನ ದಾಳಿಗೆ ಅವನು ಮೊದಲು ಹೋಗುವುದೇ ಇಲ್ಲ. ಅಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಬ್ಯುಂಗ್‌ಗ್ಯೂ ಸತ್ತು, ತಂಡ ನೆಲಕಚ್ಚಿದ ಮೇಲಷ್ಟೇ ಅವನು ಪ್ರತ್ಯಕ್ಷನಾಗುತ್ತಾನೆ. ಮತ್ತೆ ಭಯ ಹುಟ್ಟಿಸಲು ಸರಣಿ ಅವನನ್ನು ಹೊರಗೆ ನಿಲ್ಲಿಸಬೇಕಾಯಿತು.