ಕಲ್ಲಿನೊಳಗಿನ ಓಪಲ್‌ಗೆ ಬೆಲೆ ಕಟ್ಟುವ ಮುನ್ನ

ಓಪಲ್ ಎಂಬ ರತ್ನವನ್ನು ಕಚ್ಚಾ ಕಲ್ಲಾಗಿ ಮಾರುವವರು ಹೆಚ್ಚಾಗಿ ಅದನ್ನು ನೀರಿನಲ್ಲಿ ಅದ್ದಿ ತೋರಿಸುತ್ತಾರೆ. ಒದ್ದೆಯಾದ ಕೂಡಲೇ ಒರಟು ಮೈಯ ಮಬ್ಬು ಹೋಗಿ ಬಣ್ಣ ಎದ್ದು ಕಾಣುತ್ತದೆ; ಆದರೆ ಕೂದಲೆಳೆಯಂಥ ಬಿರುಕುಗಳಿಗೂ ನೀರು ತುಂಬಿ, ಅವು ಕಣ್ಣಿಗೆ ಬೀಳದಂತಾಗುತ್ತವೆ. ವೃತ್ತಿಯ ಆರಂಭದಲ್ಲಿ ನಾನು ಒದ್ದೆ ಕಲ್ಲೊಂದನ್ನು ನೋಡಿದ್ದೇ ಕೊಂಡುಬಿಟ್ಟಿದ್ದೆ. ಅದು ಒಣಗಿದ ಮೇಲೆ ಮೈತುಂಬ ಬಲೆಯಂತೆ ಹರಡಿದ್ದ ಬಿರುಕು ಕಂಡಿತು. ಅಂದಿನಿಂದ ಬಣ್ಣಕ್ಕಾಗಿ ಒದ್ದೆಯಲ್ಲಿ, ಬಿರುಕಿಗಾಗಿ ಪೂರ್ತಿ ಒಣಗಿದ ಮೇಲೆ, ಹೀಗೆ ಎರಡು ಸಲ ನೋಡದೆ ಬೆಲೆ ಹೇಳುವುದಿಲ್ಲ.

ಓಪಲ್ ಎಂದರೆ ನೀರಿನಂಶವುಳ್ಳ ಸಿಲಿಕಾ (ಮರಳಿನ ಮುಖ್ಯ ಅಂಶವೂ ಇದೇ). ಅದರೊಳಗಿನ ಸಿಲಿಕಾ ಗೋಲಿಗಳು ಸುಮಾರು 150ರಿಂದ 300 ನ್ಯಾನೋಮೀಟರ್ ಗಾತ್ರದವಾಗಿ, ಸಾಲಾಗಿ ಜೋಡಿಸಿಕೊಂಡಿದ್ದರೆ ಮಾತ್ರ ಬಣ್ಣಗಳು ಆಡುತ್ತವೆ. ಜೋಡಣೆ ಕೆಟ್ಟರೆ ಅದೇ ಪದರ ಬಣ್ಣ ಆಡದ ಸಾದಾ ಓಪಲ್, ಅಂದರೆ ವ್ಯಾಪಾರಿಗಳು ‘ಪಾಚ್’ ಎನ್ನುವುದು, ಆಗುತ್ತದೆ, ಆದ್ದರಿಂದ ಓಪಲ್ ಎಂದು ಗುರುತಿಸಿದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಂದು ಕಬ್ಬಿಣಗಲ್ಲಿನಲ್ಲಿ ಅದು ತೆಳು ಎಳೆಗಳಾಗಿ ಹರಿದಿರುತ್ತದೆ. ಮೆಕ್ಸಿಕೋದಲ್ಲಿ ರಯೋಲೈಟ್ ಶಿಲೆಯ ಪೊಟರೆಗಳನ್ನು ತುಂಬಿರುತ್ತದೆ. ಕಬ್ಬಿಣದ ಕಲ್ಲಿನ ಮೇಲೆ ಆಕ್ಸೈಡಿನ ಪೊರೆಯೂ ಕಾಮನಬಿಲ್ಲಿನಂತೆ ಹೊಳೆಯಬಲ್ಲದು, ಆದರೆ ಹೊಸದಾಗಿ ಒಡೆದ ಅಂಚಿನಲ್ಲಿ ಆ ಹೊಳಪು ಒಳಗೆ ಮುಂದುವರಿದಿರುವುದಿಲ್ಲ.

ಬೆಲೆಯ ಲೆಕ್ಕ ಶುರುವಾಗುವುದು ಅಂಚಿನಿಂದಲೇ. ಪದರವನ್ನು ಪಕ್ಕದಿಂದ ನೋಡಿದಾಗ ಕೆಂಪು ಉರಿಯುತ್ತಿದ್ದರೂ, ಮೇಲಿನಿಂದ ನೋಡಿದಾಗ ಅದು ಮಂಕಾಗಿರಬಹುದು, ಮತ್ತು ಹರಳಿನ ಮುಖವಾಗುವುದು ಸಾಮಾನ್ಯವಾಗಿ ಮೇಲಿನ ಮೈಯೇ. ಆಮೇಲೆ ಬಣ್ಣದ ಪಟ್ಟಿಯ ದಪ್ಪವನ್ನಷ್ಟೇ ಅಳೆಯುತ್ತೇನೆ, ಕೆಳಗಿನ ಪಾಚನ್ನು ಸೇರಿಸುವುದಿಲ್ಲ. ಐವತ್ತು ಗ್ರಾಂ ಕಲ್ಲು ಎಂದರೆ 250 ಕ್ಯಾರೆಟ್. ಆದರೆ ಅದರಲ್ಲಿ ಬಣ್ಣದ ಪದರ 15 ಮಿ.ಮೀ. ಉದ್ದ, 10 ಅಗಲ, 2 ದಪ್ಪವಿದ್ದರೆ ಅದರ ತೂಕ ಹೆಚ್ಚುಕಡಿಮೆ 3 ಕ್ಯಾರೆಟ್. ಅಂಡಾಕಾರಕ್ಕೆ ಉಜ್ಜಿ, ಗುಮ್ಮಟ ಕೊಟ್ಟು, ಹೊಳಪು ಬರಿಸುವಾಗ ಎರಡು ಕ್ಯಾರೆಟ್ ಉಳಿದರೆ ಪುಣ್ಯ. ಹಾಗೆ ಉಳಿಯುವುದಕ್ಕೆ ಬೆಲೆ ಕಟ್ಟಿ, ಅದರಿಂದ ಉಜ್ಜುವ ಖರ್ಚನ್ನೂ ಒಡೆಯುವ ಅಪಾಯವನ್ನೂ ಕಳೆದೇ ಕಚ್ಚಾ ಕಲ್ಲಿನ ದರ ಹೇಳಬೇಕು. ಕಬ್ಬಿಣಗಲ್ಲಿನ ಓಪಲ್‌ನ ಲೆಕ್ಕ ಮಾತ್ರ ಬೇರೆ: ಅಲ್ಲಿ ಕಲ್ಲೇ ಹರಳಿನ ಬೆನ್ನಾಗಿ ಉಳಿದು ಜೊತೆಗೇ ತೂಗುವುದರಿಂದ, ತೂಕಕ್ಕಿಂತ ಮುಖದ ಹೊಳಪು, ವಿನ್ಯಾಸ ನೋಡಿ ಒಂದೊಂದು ತುಂಡಿಗೂ ದರ ಕಟ್ಟುವುದು ನ್ಯಾಯ.

ಇಥಿಯೋಪಿಯಾದ ವೊಲ್ಲೊ ಪ್ರದೇಶದ ಓಪಲ್‌ಗೆ ನೀರಿನ ಪರೀಕ್ಷೆಯೇ ತಿರುಗುಮುರುಗಾಗುತ್ತದೆ. ಅದರಲ್ಲಿ ಬಹುಪಾಲು ನೀರು ಹೀರುವ ಜಾತಿಯದು. ನೆನೆಸಿದರೆ ಪಾರದರ್ಶಕವಾಗಿ ಬಣ್ಣ ಅಡಗುತ್ತದೆ, ತೂಕವೂ ಏರುತ್ತದೆ. ಅಂಥದ್ದನ್ನು ಒಣಗಿಸಿಯೇ ತೂಗಬೇಕು, ಒಣಗಿಸುವಾಗ ಬಿಸಿ ಮಾಡಬಾರದು, ನೆರಳಿನಲ್ಲಿ ತಾನಾಗಿ ಆರಲು ಬಿಡಬೇಕು.